ಪಿಕಪ್ ಗಾಡಿ: ಕಂಪನಿಗಳ ಪೈಪೋಟಿ, ನಮ್ಮ ಲೆಕ್ಕ

ಹಾಲಿನ ಕ್ಯಾನು, ಪಶು ಆಹಾರದ ಮೂಟೆ, ಹಸಿಮೇವು, ತರಕಾರಿ, ಗೊಬ್ಬರ ಇವೆಲ್ಲಕ್ಕೂ ಇಂದು ಹಳ್ಳಿಯಲ್ಲಿ ಪಿಕಪ್ ಗಾಡಿಯೇ ಆಧಾರ. ಹಾಲಿನ ಬಟವಾಡೆ ಹಣವನ್ನೇ ನಂಬಿ, ಸಾಲ ಮಾಡಿ ಇಂತಹ ಗಾಡಿ ಕೊಳ್ಳಬೇಕೆಂದಿರುವ ಸದಸ್ಯರು ಅನೇಕರಿದ್ದಾರೆ. ಆದರೆ ಯಾವ ಶೋರೂಮಿಗೆ ಹೋದರೂ "ಮಾರಾಟದಲ್ಲಿ ನಾವೇ ಮೊದಲು" ಎಂಬ ಮಾತೇ ಕೇಳಿಬರುತ್ತದೆ. ಎಲ್ಲರೂ ಮೊದಲಿಗರಾಗುವುದು ಹೇಗೆ? ಕಂಪನಿಗಳ ನಡುವಿನ ಈ ಪೈಪೋಟಿ ಬೆಳೆದು ಬಂದ ಬಗೆಯನ್ನು ತಿಳಿದುಕೊಂಡರೆ ನಮಗೆ ಬೇಕಾದ ಗಾಡಿ ಯಾವುದೆಂದು ನಾವೇ ತೀರ್ಮಾನಿಸಬಹುದು.

407ರ ಕಾಲ

1980ರ ದಶಕದ ಮಧ್ಯಭಾಗದಲ್ಲಿ ಜಪಾನಿನ ಕಂಪನಿಗಳ ಸಹಯೋಗದಿಂದ ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್ ಎಂಬ ನಾಲ್ಕು ಹಗುರ ಲಾರಿಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಇವುಗಳಿಗೆ ಎದುರಾಗಿ ಟಾಟಾ ಕಂಪನಿಯು 1986ರಲ್ಲಿ ಸ್ವಂತ ವಿನ್ಯಾಸದ 407 ಗಾಡಿಯನ್ನು ತಂದಿತು. ಅದೇ ಸಮಯಕ್ಕೆ ಜಪಾನಿನ ಹಣವಾದ ಯೆನ್‌ನ ಬೆಲೆ ಏರಿ, ಅಲ್ಲಿಂದ ಬರುತ್ತಿದ್ದ ಬಿಡಿಭಾಗಗಳು ದುಬಾರಿಯಾದವು. 407ರ ಬಿಡಿಭಾಗಗಳಾದರೋ ಇಲ್ಲೇ ತಯಾರಾಗುತ್ತಿದ್ದವು. ಆಲ್ವಿನ್ ನಿಸಾನ್ ಮಹೀಂದ್ರಾ ಕಂಪನಿಯ ಪಾಲಾಯಿತು. ಡಿಸಿಎಂ ಟೊಯೋಟಾ 1990ರ ದಶಕದಲ್ಲಿ ದೇವೂ ಕಂಪನಿಯ ಕೈಸೇರಿತು. ಸ್ವರಾಜ್ ಮತ್ತು ಐಷರ್ ಉಳಿದುಕೊಂಡವು. ಬಿಡಿಭಾಗ ಹತ್ತಿರದಲ್ಲಿ ಸಿಗದ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬಾಳಿಕೆ ಕಷ್ಟ ಎಂಬುದನ್ನು ಈ ಮೊದಲ ಸುತ್ತು ತೋರಿಸಿತು.

ಆಟೋ ಮತ್ತು ಲಾರಿಯ ನಡುವೆ

ಆ ಮೇಲೂ ಸಣ್ಣ ಹೊರೆ ಸಾಗಿಸುವವರಿಗೆ ಮೂರು ಚಕ್ರದ ಆಟೋ ಬಿಟ್ಟರೆ ಬೇರೆ ಅಗ್ಗದ ದಾರಿ ಇರಲಿಲ್ಲ. 2005ರ ಮೇ ತಿಂಗಳಲ್ಲಿ ಬಂದ ಟಾಟಾ ಏಸ್ ಈ ಕೊರತೆಯನ್ನು ತುಂಬಿತು. ಎರಡು ಸಿಲಿಂಡರಿನ ಸುಮಾರು 700 ಸಿಸಿ ಡೀಸೆಲ್ ಎಂಜಿನ್, ನಾಲ್ಕು ಚಕ್ರ, 750 ಕೆ.ಜಿ. ಹೊರೆಯ ಸಾಮರ್ಥ್ಯ, ಬೆಲೆ ಸುಮಾರು ಎರಡೂಕಾಲು ಲಕ್ಷ ರೂಪಾಯಿ. 2012ರ ವೇಳೆಗೆ ಹತ್ತು ಲಕ್ಷ ಏಸ್ ಗಾಡಿಗಳು ಮಾರಾಟವಾಗಿದ್ದವು.

ಲಾಭವಿರುವ ಕಡೆ ಉಳಿದವರು ಸುಮ್ಮನಿರುವರೇ? ಮಹೀಂದ್ರಾ 2010ರಲ್ಲಿ ಮ್ಯಾಕ್ಸಿಮೊ, 2015ರಲ್ಲಿ ಜೀತೊ ಗಾಡಿಗಳನ್ನು ತಂದಿತು. ಅಶೋಕ್ ಲೇಲ್ಯಾಂಡ್ 2011ರಲ್ಲಿ ಒಂದೂಕಾಲು ಟನ್ ಹೊರುವ ದೋಸ್ತ್ ಗಾಡಿಯನ್ನು ಬಿಟ್ಟಿತು. ಕಾರಿಗೆ ಹೆಸರಾದ ಮಾರುತಿಯೂ 2016ರಲ್ಲಿ ಸೂಪರ್ ಕ್ಯಾರಿಯೊಂದಿಗೆ ಈ ಸ್ಪರ್ಧೆಗೆ ಇಳಿಯಿತು. ಟಾಟಾ 2019ರಲ್ಲಿ ಇಂಟ್ರಾ ಗಾಡಿಯಿಂದ ಉತ್ತರ ಕೊಟ್ಟಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಗೆ ಬಂದಾಗ ಸಣ್ಣ ಡೀಸೆಲ್ ಎಂಜಿನ್ ದುಬಾರಿಯಾಯಿತು. ಮಾರುತಿ ಡೀಸೆಲ್ ಮಾದರಿಯನ್ನೇ ನಿಲ್ಲಿಸಿ ಪೆಟ್ರೋಲ್ ಮತ್ತು ಸಿಎನ್‌ಜಿ ಮಾದರಿಗಳನ್ನು ಮಾತ್ರ ಉಳಿಸಿಕೊಂಡಿತು. ಟಾಟಾ ಏಸ್ ಕೂಡ ಪೆಟ್ರೋಲಿನಲ್ಲಿ ಬಂದಿತು. 2022ರಲ್ಲಿ ಬ್ಯಾಟರಿಯ ಏಸ್ ಹೊರಬಂದಿತು.

ಮೊದಲಿಗರು ಯಾರು?

ಒಟ್ಟು ತೂಕ ಮೂರೂವರೆ ಟನ್ನಿಗಿಂತ ಕಡಿಮೆಯಿರುವ ಸರಕು ಗಾಡಿಗಳನ್ನೆಲ್ಲ ಒಟ್ಟಿಗೆ ಎಣಿಸಿದರೆ, ಬೊಲೆರೊ ಪಿಕಪ್‌ನ ಬಲದಿಂದ ಹಲವು ವರ್ಷಗಳಿಂದ ಮಹೀಂದ್ರಾ ಮುಂದಿದೆ. ಮುಕ್ಕಾಲು ಟನ್ನಿನ ಆಸುಪಾಸಿನ ಸಣ್ಣ ಗಾಡಿಗಳನ್ನೇ ಬೇರೆ ಮಾಡಿ ಎಣಿಸಿದರೆ ಚಿತ್ರ ಬೇರೆ. ಆಯಾ ಕಂಪನಿ ತನಗೆ ಅನುಕೂಲವಾದ ಗುಂಪನ್ನು ಆರಿಸಿಕೊಂಡು ಲೆಕ್ಕ ಹೇಳುತ್ತದೆ. ಆದ್ದರಿಂದ "ನಾವೇ ಮೊದಲು" ಎಂಬ ಮಾತು ಸುಳ್ಳಲ್ಲದಿದ್ದರೂ ನಮ್ಮ ಹೊರೆಗೆ ಅದರಿಂದ ಪ್ರಯೋಜನವಿಲ್ಲ.

ಪೈಪೋಟಿಗೆ ಇನ್ನೊಂದು ಮುಖವೂ ಇದೆ. ಮಾರಾಟ ಹೆಚ್ಚಿಸುವ ಆತುರದಲ್ಲಿ ಕಡಿಮೆ ಮುಂಗಡಕ್ಕೆ ಸುಲಭವಾಗಿ ಸಾಲ ದೊರೆಯಿತು. ಗಾಡಿಗಳು ಹೆಚ್ಚಿದಷ್ಟು ಬಾಡಿಗೆ ಹೆಚ್ಚಲಿಲ್ಲ. 2013-14ರ ಸುಮಾರಿಗೆ ಕಂತು ಕಟ್ಟಲಾಗದವರು ಹೆಚ್ಚಿ, ಸಾಲ ಕೊಡುವವರು ಕೈ ಬಿಗಿಹಿಡಿದರು, ಸಣ್ಣ ಗಾಡಿಗಳ ಮಾರಾಟವೂ ಕುಸಿಯಿತು. ಕಂಪನಿಗಳು ಮುಂದೆ ಚೇತರಿಸಿಕೊಂಡವು. ಗಾಡಿ ಕಳೆದುಕೊಂಡವನಿಗೆ ಕಟ್ಟಿದ ಮುಂಗಡವೂ ಹೋಯಿತು, ಗಾಡಿಯೂ ಹೋಯಿತು.

ಸದಸ್ಯರು ಮಾಡಬೇಕಾದ ಲೆಕ್ಕ

ಮೊದಲನೆಯದು ಹೊರೆ. 40 ಲೀಟರ್ ಹಾಲು ಸುಮಾರು 41 ಕೆ.ಜಿ. ತೂಗುತ್ತದೆ. ಕ್ಯಾನಿನ ತೂಕ ಸೇರಿಸಿ ತುಂಬಿದ ಕ್ಯಾನಿಗೆ 50 ಕೆ.ಜಿ. ಎಂದು ಹಿಡಿಯಬಹುದು. ಅಂದರೆ 750 ಕೆ.ಜಿ. ಸಾಮರ್ಥ್ಯದ ಗಾಡಿಗೆ 15 ಕ್ಯಾನು, ಒಂದೂಕಾಲು ಟನ್ನಿನದಕ್ಕೆ 25 ಕ್ಯಾನು. ಆರ್.ಸಿ. ಪುಸ್ತಕದಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕವನ್ನು ಕಳೆದರೆ ಉಳಿಯುವುದೇ ಹೊರಬಹುದಾದ ತೂಕ. ಚಾಲಕನ ತೂಕವೂ, ಆಮೇಲೆ ಕಟ್ಟಿಸಿದ ಕಟಕಟೆಯ ತೂಕವೂ ಅದರೊಳಗೇ ಬರಬೇಕು. ಹೆಚ್ಚು ಹೊರೆ ಹಾಕಿದರೆ 2019ರ ತಿದ್ದುಪಡಿಯಂತೆ 20,000 ರೂ. ದಂಡ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂ. ಒಟ್ಟು ತೂಕ 3,000 ಕೆ.ಜಿ. ಮೀರದ ಗಾಡಿಗೆ ಸರಕು ಪರ್ಮಿಟ್ ಬೇಕಿಲ್ಲ ಎಂಬುದನ್ನೂ ನೆನಪಿನಲ್ಲಿಡಿ.

ಎರಡನೆಯದು ಖರ್ಚು. ಸಾಲದ ಕಂತು, ಇಂಧನ, ಚಾಲಕನ ಸಂಬಳ, ವಿಮೆ, ಟಯರು, ರಿಪೇರಿ ಎಲ್ಲ ಸೇರಿ ತಿಂಗಳಿಗೆ 27,000 ರೂ. ಆಗುತ್ತದೆ ಎಂದು ಭಾವಿಸೋಣ. ಎರಡು ಹೊತ್ತಿನಿಂದ ದಿನಕ್ಕೆ 600 ಲೀಟರ್ ಸಾಗಿಸಿದರೆ ತಿಂಗಳಿಗೆ 18,000 ಲೀಟರ್, ಲೀಟರಿಗೆ ಒಂದೂವರೆ ರೂಪಾಯಿ ಖರ್ಚು. ಅದೇ ಗಾಡಿಯಲ್ಲಿ 900 ಲೀಟರ್ ಸಾಗಿಸಿದರೆ ಖರ್ಚು ಲೀಟರಿಗೆ ಒಂದು ರೂಪಾಯಿಗೆ ಇಳಿಯುತ್ತದೆ. ದೊಡ್ಡ ಗಾಡಿ ಕೊಂಡು ಅರ್ಧ ಖಾಲಿ ಓಡಿಸಿದರೆ ನಷ್ಟ ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು ರಿಪೇರಿ. ಹಾಲು ಕಾಯುವುದಿಲ್ಲ. ಬೆಳಿಗ್ಗೆ ಕೆಟ್ಟ ಗಾಡಿ ಸಂಜೆಯೊಳಗೆ ರಿಪೇರಿಯಾಗುವಂತೆ ನಿಮ್ಮ ತಾಲ್ಲೂಕು ಕೇಂದ್ರದಲ್ಲಿ ಮೆಕ್ಯಾನಿಕ್ ಮತ್ತು ಬಿಡಿಭಾಗ ಸಿಗುತ್ತವೆಯೇ ಎಂದು ವಿಚಾರಿಸಿರಿ. ಬ್ಯಾಟರಿ ಅಥವಾ ಸಿಎನ್‌ಜಿ ಗಾಡಿಯಾದರೆ ಅವುಗಳನ್ನು ತುಂಬಿಸುವ ಸ್ಥಳ ಎಷ್ಟು ದೂರ ಎಂಬುದನ್ನೂ ನೋಡಿರಿ.

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಕಂಪನಿಗಳ ಪೈಪೋಟಿಯೂ ನಡೆದೇ ಇದೆ. ಎರಡು ಮೂರು ಕಡೆ ದರ ಕೇಳಿ, ಚೌಕಾಸಿ ಮಾಡಲು ಇದು ಒಳ್ಳೆಯ ಸಮಯ. ಆದರೆ ಮುಂಗಡ ಕೊಡುವ ಮುನ್ನ ಕಾಗದ, ಪೆನ್ನು ಹಿಡಿದು ಮನೆಯವರೊಂದಿಗೆ ಕುಳಿತು ಲೆಕ್ಕ ಹಾಕಿರಿ. ಖಚಿತವಾದ ಹೊರೆ ಕೈಯಲ್ಲಿಲ್ಲದಿದ್ದರೆ ಈ ವರ್ಷ ಬಾಡಿಗೆ ಗಾಡಿಯಲ್ಲೇ ಕೆಲಸ ಸಾಗಿಸುವುದು ಜಾಣತನ. ಕಂತು ತೀರಬೇಕಾದದ್ದು ನಮ್ಮ ರಾಸುಗಳ ಹಾಲಿನಿಂದ ಎಂಬುದನ್ನು ಸದಸ್ಯರು ಮರೆಯಬಾರದು.