ದೇವಿಕಾ ರಾಣಿ: ಒಂದು ಚುಂಬನ, ಒಂದು ಎಸ್ಟೇಟು ಮತ್ತು ಮರೆತುಹೋದ ನಟನೆ

ಕೆಲವು ವರ್ಷಗಳ ಹಿಂದೆ ಚಿಕ್ಕಬಳ್ಳಾಪುರದ ಕಾಲೇಜೊಂದರ ರಸಪ್ರಶ್ನೆ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದಲೂ ತಂಡಗಳು ಬಂದಿದ್ದವು. ‘ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯನ್ನು ಮೊಟ್ಟಮೊದಲು ಪಡೆದವರು ಯಾರು?’ ಎಂಬ ಪ್ರಶ್ನೆ ಮುಗಿಯುವ ಮುನ್ನವೇ ‘ದೇವಿಕಾ ರಾಣಿ’ ಎಂಬ ಉತ್ತರ ಬಂತು. ಉತ್ಸಾಹದಿಂದ ನಾನೊಂದು ಮರುಪ್ರಶ್ನೆ ಹಾಕಿದೆ: ಆಕೆ ನಟಿಸಿದ ಒಂದಾದರೂ ಚಿತ್ರದ ಹೆಸರು ಹೇಳಿ. ವೇದಿಕೆಯ ಮೇಲೆ ಮೌನ. ಸಭೆಯಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಎದ್ದು ನಿಂತು ‘ಅದೇ, ಆ ಮುತ್ತು ಕೊಡುವ ಸಿನಿಮಾ’ ಎಂದರು. ಎಲ್ಲರೂ ನಕ್ಕರು. ಅವರ ಪಕ್ಕದಲ್ಲಿದ್ದವರು, ‘ಕನಕಪುರ ರಸ್ತೆಯಲ್ಲಿ ಎಸ್ಟೇಟು ಇತ್ತಲ್ಲ, ಕೋರ್ಟು ಕಚೇರಿ ಎಲ್ಲ ಆಯಿತಲ್ಲ, ಅವರೇ ತಾನೆ?’ ಎಂದು ಕೇಳಿದರು.

ಪ್ರಶಸ್ತಿ, ಮುತ್ತು, ಎಸ್ಟೇಟು. ಭಾರತೀಯ ಚಲನಚಿತ್ರದ ‘ಪ್ರಥಮ ಮಹಿಳೆ’ ಎಂದು ಕರೆಸಿಕೊಂಡವಳ ಬಗ್ಗೆ ನಮ್ಮ ತಿಳಿವಳಿಕೆ ಇಷ್ಟರಲ್ಲೇ ಮುಗಿಯುತ್ತದೆ. ಅರ್ಧ ಶತಮಾನದಷ್ಟು ಕಾಲ ಆಕೆ ಬಾಳಿದ್ದು ನಮ್ಮ ರಾಜ್ಯದಲ್ಲಿ, ತೀರಿಕೊಂಡದ್ದು ಬೆಂಗಳೂರಿನಲ್ಲಿ. ಆದರೂ ಆಕೆ ನಟಿಯಾಗಿ ಹೇಗಿದ್ದಳು ಎಂಬ ಪ್ರಶ್ನೆ ನಮ್ಮಲ್ಲಿ ಏಳುವುದೇ ಇಲ್ಲ.

ಮೊದಲು ಆ ಮುತ್ತಿನ ವಿಷಯವನ್ನೇ ಮುಗಿಸಿಬಿಡೋಣ. 1933ರಲ್ಲಿ ಲಂಡನ್ನಿನಲ್ಲಿ ತೆರೆಕಂಡ ‘ಕರ್ಮ’ ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲೂ ತಯಾರಾದ ಚಿತ್ರ. ಹಾವು ಕಚ್ಚಿ ಪ್ರಜ್ಞೆ ತಪ್ಪಿದ ರಾಜಕುಮಾರನನ್ನು ಎಚ್ಚರಿಸಲು ನಾಯಕಿ ಕಣ್ಣೀರಿಡುತ್ತಾ ಅವನನ್ನು ಮತ್ತೆ ಮತ್ತೆ ಚುಂಬಿಸುತ್ತಾಳೆ. ನಾಯಕನ ಪಾತ್ರದಲ್ಲಿದ್ದವರು ಆಕೆಯ ಪತಿ ಹಿಮಾಂಶು ರಾಯ್. ಇದು ‘ನಾಲ್ಕು ನಿಮಿಷಗಳ ಚುಂಬನ’ ಎಂಬ ಕಥೆ ಪುಸ್ತಕದಿಂದ ಪುಸ್ತಕಕ್ಕೆ, ಪತ್ರಿಕೆಯಿಂದ ಪತ್ರಿಕೆಗೆ ದಾಟಿ ಬಂದಿದೆ. ಚಿತ್ರ ಇಂದಿಗೂ ಉಳಿದಿದೆ. ಗಡಿಯಾರ ಹಿಡಿದು ನೋಡಿದವರಿಗೆ ಆ ನಾಲ್ಕು ನಿಮಿಷ ಎಲ್ಲಿಯೂ ಸಿಗುವುದಿಲ್ಲ. ಭಾರತೀಯ ತೆರೆಯ ಮೊದಲ ಚುಂಬನವೂ ಅದಲ್ಲ. ರಾಯ್ ಅವರದೇ ಮೂಕಿಚಿತ್ರ ‘ಎ ಥ್ರೋ ಆಫ್ ಡೈಸ್’ನಲ್ಲಿ (1929) ಸೀತಾದೇವಿ ಮತ್ತು ಚಾರು ರಾಯ್ ಅದನ್ನು ಆಗಲೇ ಮಾಡಿ ಮುಗಿಸಿದ್ದರು. ‘ಕರ್ಮ’ ಬಂದಾಗ ಲಂಡನ್ನಿನ ಪತ್ರಿಕೆಗಳು ಹೊಗಳಿದ್ದು ಚುಂಬನವನ್ನಲ್ಲ, ದೇವಿಕಾ ರಾಣಿಯ ದನಿ, ಉಚ್ಚಾರ ಮತ್ತು ಮುಖಭಾವವನ್ನು. ಆದರೆ ಹಿಂದಿ ಆವೃತ್ತಿ ಇಲ್ಲಿ ಸೋತಿತು. ಹೊಗಳಿಕೆ ಮರೆತುಹೋಯಿತು, ಮುತ್ತು ಉಳಿಯಿತು. ಆಕೆಯ ಪತ್ರಗಳನ್ನು ಆಧರಿಸಿ ಕಿಶ್ವರ್ ದೇಸಾಯಿ ಬರೆದ ಜೀವನಚರಿತ್ರೆ 2020ರಲ್ಲಿ ಪ್ರಕಟವಾಯಿತು. ಶ್ರದ್ಧೆಯಿಂದ ಮಾಡಿದ ಆ ಕೃತಿಯ ಹೆಸರೂ ‘ದಿ ಲಾಂಗೆಸ್ಟ್ ಕಿಸ್’! ಪ್ರಕಾಶಕರ ಕಷ್ಟ ಪ್ರಕಾಶಕರಿಗೆ, ಇರಲಿ.

ಎರಡನೆಯ ಅಪವಾದ ಇದಕ್ಕಿಂತ ಕಠೋರವಾದುದು. ‘ಜೀವನ್ ನೈಯಾ’ (1936) ಚಿತ್ರದ ಸಮಯದಲ್ಲಿ ಆಕೆ ನಾಯಕನಟ ನಜ್ಮುಲ್ ಹಸನ್ ಜೊತೆ ಓಡಿಹೋದಳು, ಶಶಧರ್ ಮುಖರ್ಜಿಯವರ ಮಧ್ಯಸ್ಥಿಕೆಯಿಂದ ಮರಳಿದಳು, ತೆರವಾದ ನಾಯಕನ ಜಾಗಕ್ಕೆ ಸ್ಟುಡಿಯೋದ ಲ್ಯಾಬೊರೇಟರಿಯಲ್ಲಿದ್ದ ಅಶೋಕ್ ಕುಮಾರ್ ಒಲ್ಲದ ಮನಸ್ಸಿನಿಂದ ಬಂದರು. ಸಾದತ್ ಹಸನ್ ಮಂಟೊ ಅಶೋಕ್ ಕುಮಾರ್ ಬಗ್ಗೆ ಬರೆದ ವ್ಯಕ್ತಿಚಿತ್ರದಲ್ಲಿ ಈ ಪ್ರಸಂಗವನ್ನು ತಮ್ಮ ಚುರುಕು ಶೈಲಿಯಲ್ಲಿ ಹೇಳಿದ್ದರಿಂದ ಅದು ಅಮರವಾಯಿತು. ಮಂಟೊ ಕೈಯಲ್ಲಿ ಸಿಕ್ಕಿದ ಸುದ್ದಿಗೆ ಸಾವಿಲ್ಲ. ಆದರೆ ಮರಳಿ ಬಂದ ಅದೇ ಹೆಣ್ಣು ಅದೇ ವರ್ಷ, ಅದೇ ಸ್ಟುಡಿಯೋದಲ್ಲಿ, ಎಲ್ಲರ ಪಿಸುಮಾತಿನ ನಡುವೆ ನಿಂತು ತನ್ನ ಬದುಕಿನ ಅತ್ಯುತ್ತಮ ಪಾತ್ರವನ್ನು ನಿರ್ವಹಿಸಿದಳು ಎಂಬುದನ್ನು ಹೇಳುವವರು ಕಡಿಮೆ.

ಖ್ಯಾತಿ ಮತ್ತು ಪ್ರತಿಭೆಗಳ ಈ ಎಣ್ಣೆ-ಸೀಗೆಕಾಯಿ ಸಂಬಂಧ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಹಾಲಿವುಡ್ಡಿನ ಆರಂಭಕಾಲದ ನಟಿ ಮರಿಯನ್ ಡೇವಿಸ್ ಪತ್ರಿಕಾ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್‌ನ ಗೆಳತಿಯಾಗಿದ್ದಳು. ಅವನ ಹಣದಿಂದ ಮೇಲೆ ಬಂದವಳು, ನಟನೆ ಬಾರದವಳು ಎಂಬ ಮಾತು ಹೇಗೂ ಇತ್ತು. 1941ರಲ್ಲಿ ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ ಬಂದು, ಅದರಲ್ಲಿ ಶ್ರೀಮಂತನ ಒತ್ತಾಯಕ್ಕೆ ಬೇಸುರವಾಗಿ ಹಾಡುವ ಸೂಸನ್ ಪಾತ್ರವನ್ನು ಜನ ಮರಿಯನ್ ಎಂದೇ ತಿಳಿದಾಗ ಆ ಮಾತು ಶಿಲಾಶಾಸನವಾಯಿತು. ‘ದಿ ಪ್ಯಾಟ್ಸಿ’, ‘ಷೋ ಪೀಪಲ್’ (ಎರಡೂ 1928) ಚಿತ್ರಗಳು ಮತ್ತೆ ಪ್ರದರ್ಶನ ಕಂಡ ಮೇಲೆ, ಹಾಸ್ಯದಲ್ಲಿ ಆಕೆಗೆ ಸರಿಸಾಟಿಯಾದವರು ಆ ಕಾಲದಲ್ಲಿ ಕೆಲವರೇ ಎಂದು ವಿಮರ್ಶಕರಿಗೆ ಗೊತ್ತಾಯಿತು. ಆಕೆಯ ಆತ್ಮಕಥನಕ್ಕೆ 1975ರಲ್ಲಿ ಮುನ್ನುಡಿ ಬರೆದ ವೆಲ್ಸ್, ಆಕೆ ಸೂಸನ್ ಅಲ್ಲವೆಂದು ಸ್ಪಷ್ಟಪಡಿಸಿ ಆಕೆಯನ್ನು ಮೆಚ್ಚಿ ಮಾತಾಡಿದರು. ಅದನ್ನು ಓದಲು ಆಕೆ ಇರಲಿಲ್ಲ, 1961ರಲ್ಲೇ ತೀರಿಕೊಂಡಿದ್ದಳು. ಹರ್ಸ್ಟ್‌ಗೆ ಆಕೆ ಭಾರೀ ಉಡುಪಿನ ಗಂಭೀರ ನಾಯಕಿಯಾಗಿ ಕಾಣಬೇಕಿತ್ತು, ಆಕೆಗೆ ಒಲಿದದ್ದು ನಗೆ. ಒಬ್ಬ ಗಂಡಸಿನ ಆಯ್ಕೆ ಎಂಬ ಕಾರಣಕ್ಕೇ ಆಕೆಯ ಕಸುಬನ್ನು ಯಾರೂ ಕಣ್ಣಿಟ್ಟು ನೋಡಲಿಲ್ಲ.

ದೇವಿಕಾ ರಾಣಿಯನ್ನೂ ನಾವು ಹಾಗೆಯೇ ನೋಡಿದ್ದೇವೆ, ಹಿಮಾಂಶು ರಾಯ್ ಅವರ ಪತ್ನಿಯಾಗಿ. ಆದರೆ ಆಕೆ ಕಲಿತು ಬಂದವಳು. 1908ರಲ್ಲಿ ವಾಲ್ಟೇರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಇಂಗ್ಲೆಂಡಿಗೆ ಹೋಗಿ, ಲಂಡನ್ನಿನಲ್ಲಿ ನಾಟಕ ಮತ್ತು ಸಂಗೀತ ಕಲಿತು, ಬಟ್ಟೆಯ ವಿನ್ಯಾಸವನ್ನೂ ಅಭ್ಯಾಸ ಮಾಡಿದ್ದಳು. ‘ಎ ಥ್ರೋ ಆಫ್ ಡೈಸ್’ನಲ್ಲಿ ಆಕೆಯ ಕೆಲಸವಿದ್ದದ್ದು ತೆರೆಯ ಹಿಂದೆ. ಮದುವೆಯ ನಂತರ ಬರ್ಲಿನ್ನಿನ ಊಫಾ ಸ್ಟುಡಿಯೋದಲ್ಲಿ, ಜರ್ಮನ್ ಸಿನಿಮಾ ಬೆಳಕು-ನೆರಳಿನ ವಿದ್ಯೆಯಲ್ಲಿ ಜಗತ್ತಿಗೇ ಗುರುವಾಗಿದ್ದ ದಿನಗಳಲ್ಲಿ, ಕ್ಯಾಮೆರಾದ ಮುಂದೆ ನಿಲ್ಲುವ ಬಗೆಯನ್ನು ಹತ್ತಿರದಿಂದ ಕಂಡಳು.

ಇದರ ಮಹತ್ವ ಅರಿವಾಗಬೇಕಾದರೆ ಆಗ ನಮ್ಮ ಕನ್ನಡದಲ್ಲಿ ಏನಿತ್ತು ಎಂದು ನೆನೆಯಬೇಕು. ದೇವಿಕಾ ರಾಣಿ ಮತ್ತು ರಾಯ್ ಮುಂಬಯಿಯ ಮಲಾಡಿನಲ್ಲಿ ಬಾಂಬೆ ಟಾಕೀಸ್ ಕಟ್ಟಿದ 1934ರಲ್ಲೇ ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಗೆ ಬಂತು. ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಮೊದಲಾದ ರಂಗಭೂಮಿಯ ದಿಗ್ಗಜರು ಕೊಲ್ಹಾಪುರಕ್ಕೆ ಹೋಗಿ ಅದನ್ನು ಮಾಡಿ ಬಂದರು. ಧ್ವನಿವರ್ಧಕವಿಲ್ಲದ ಕಂಪನಿ ನಾಟಕದ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳುವಂತೆ ಮಾತೆಸೆಯುವುದೇ ಅಂದಿನ ಅಭಿನಯದ ಧರ್ಮ. ಅದು ಕಡಿಮೆಯ ಕಲೆಯಲ್ಲ, ಬೇರೆಯ ಕಲೆ. ಸುಲೋಚನೆಯಾಗಿ ನಟಿಸಿದ ತ್ರಿಪುರಾಂಬಾ ಕ್ಯಾಮೆರಾಕ್ಕೆ ಹೇಗೆ ಹೊಂದಿಕೊಂಡಿದ್ದರು ಎಂದು ನೋಡಿ ಹೇಳೋಣವೆಂದರೆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಕನ್ನಡದ ಮೊದಲ ವಾಕ್ಚಿತ್ರದ ನಾಯಕಿ ನಮಗೆ ಒಂದು ಹೆಸರು ಮಾತ್ರ. ದೇವಿಕಾ ರಾಣಿಯ ವಿಷಯದಲ್ಲಿ ನಮಗೆ ಆ ನೆಪವೂ ಇಲ್ಲ. ಆಕೆಯ ಮುಖ್ಯ ಚಿತ್ರಗಳು ಕಣ್ಣಿಗೆ ಸಿಗುತ್ತವೆ.

ಹಾಗಾಗಿ ‘ಅಚೂತ್ ಕನ್ಯಾ’ವನ್ನು (1936) ನೋಡೋಣ. ರೈಲ್ವೆ ಗೇಟು ಕಾಯುವ ಅಸ್ಪೃಶ್ಯನ ಮಗಳು ಕಸ್ತೂರಿ, ಅಂಗಡಿ ನಡೆಸುವ ಬ್ರಾಹ್ಮಣನ ಮಗ ಪ್ರತಾಪ್. ಇಬ್ಬರ ಪ್ರೀತಿ ಮದುವೆಗೆ ದಾಟುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಮದುವೆಯಾಗುತ್ತದೆ. ಕೊನೆಗೆ ಗೇಟಿನ ಬಳಿ ಹೊಡೆದಾಡುತ್ತಿದ್ದವರನ್ನು ಉಳಿಸಲು ರೈಲನ್ನು ತಡೆಯಹೋಗಿ ಕಸ್ತೂರಿ ಸಾಯುತ್ತಾಳೆ. ಕಥೆ ನಿರಂಜನ್ ಪಾಲ್ ಅವರದು, ನಿರ್ದೇಶಕ ಹಿಂದಿ ಬಾರದ ಜರ್ಮನ್ ಫ್ರಾಂಜ್ ಓಸ್ಟನ್, ಛಾಯಾಗ್ರಾಹಕ ಜೋಸೆಫ್ ವಿರ್ಷಿಂಗ್, ಸಂಗೀತ ನಿರ್ದೇಶಕಿ ಸರಸ್ವತಿ ದೇವಿ. ಅಂಬೇಡ್ಕರ್ ‘ಜಾತಿ ವಿನಾಶ’ವನ್ನು ಪ್ರಕಟಿಸಿದ ವರ್ಷವೂ ಅದೇ, ಅದರ ಪಕ್ಕದಲ್ಲಿಟ್ಟರೆ, ಅಸ್ಪೃಶ್ಯ ಹುಡುಗಿಯ ಸಾವಿನಿಂದ ಪ್ರೇಕ್ಷಕನ ಕಣ್ಣೊದ್ದೆ ಮಾಡಿ ಸಮಾಧಾನಪಡುವ ಈ ಚಿತ್ರದ ಸಮಾಜಸುಧಾರಣೆ ಬಹಳ ಸಾಧು ಎನಿಸುತ್ತದೆ.

ನಟನೆಯ ಮಾತಿಗೆ ಬರೋಣ. ಆಕೆಯ ದೋಷಗಳು ಎದ್ದು ಕಾಣುತ್ತವೆ. ಗೇಟು ಕಾಯುವವನ ಮಗಳ ಹುಬ್ಬು ಗೆರೆ ಎಳೆದಂತೆ ತಿದ್ದಿಕೊಂಡಿದೆ; ನಡಿಗೆಯಲ್ಲಿ ಹಳ್ಳಿಯಿಲ್ಲ; ಮಾತಿನಲ್ಲಿ ಲಂಡನ್ನಿನ ನೆರಳಿದೆ. ಹಾಡುಗಾರಿಕೆ ಸಾಧಾರಣ. ಅಶೋಕ್ ಕುಮಾರ್ ಜೊತೆ ಆಕೆಯೇ ಹಾಡಿದ ಯುಗಳಗೀತೆ ಜನಪ್ರಿಯವಾದದ್ದು ಆ ಎಳೆದನಿಗಳ ಮುಗ್ಧತೆಯಿಂದಲೇ ಹೊರತು ಗಾಯನದ ಸಾಮರ್ಥ್ಯದಿಂದಲ್ಲ.

ಆದರೆ ಆಕೆ ಸುಮ್ಮನಿದ್ದಾಗ ನೋಡಬೇಕು. ಎದುರಿನವರು ಮಾತಾಡುತ್ತಿರುವಾಗ ಆಕೆ ಕೇಳಿಸಿಕೊಳ್ಳುತ್ತಾಳೆ. ಇದು ಸಣ್ಣ ಸಂಗತಿಯಂತೆ ಕಾಣಬಹುದು. ಆ ಕಾಲದ ಬಹುಪಾಲು ಚಿತ್ರಗಳಲ್ಲಿ ತಮ್ಮ ಮಾತಿನ ಸರದಿ ಬರುವವರೆಗೆ ಪಾತ್ರಧಾರಿಗಳು ಕಾಯುತ್ತಾ ನಿಂತಿರುತ್ತಾರೆ. ಕಸ್ತೂರಿ ಕಾಯುವುದಿಲ್ಲ, ಕೇಳಿದ ಮಾತು ಆಕೆಯ ಕಣ್ಣಿಗೆ ಇಳಿದು, ತುಟಿಗೆ ಬಂದು, ಅಲ್ಲೇ ತಡೆದುಕೊಳ್ಳುತ್ತದೆ. ವಿರ್ಷಿಂಗ್‌ನ ಬೆಳಕು ಅದನ್ನು ಹಿಡಿಯಲೆಂದೇ ಹತ್ತಿರ ಬಂದು ನಿಂತಿರುತ್ತದೆ. ‘ಭಾರತದ ಗಾರ್ಬೊ’ ಎಂಬ ಬಿರುದು ಪ್ರಚಾರದ ಮಾತಾದರೂ ಅದರಲ್ಲಿ ಒಂದಷ್ಟು ನಿಜವಿರುವುದು ಇಲ್ಲಿ. ಇನ್ನೊಂದು ಮಾತು: ಚಿತ್ರದ ಮೊದಲ ಭಾಗದಲ್ಲಿ ಪ್ರತಾಪನನ್ನು ಕೆಣಕುವ, ಹುಸಿಮುನಿಸು ತೋರುವ ದೃಶ್ಯಗಳಲ್ಲಿ ಆಕೆ ಹಗುರವಾಗಿ, ಸಹಜವಾಗಿ ಇದ್ದಾಳೆ, ಇನ್ನೂ ಬಿಗಿದುಕೊಂಡೇ ಇರುವ ಅಶೋಕ್ ಕುಮಾರರನ್ನು ದೃಶ್ಯದೊಳಕ್ಕೆ ಕರೆದುಕೊಂಡು ಬರುವವಳು ಅವಳೇ. ಬಾಂಬೆ ಟಾಕೀಸ್ ಆಕೆಯಿಂದ ಮತ್ತೆ ಮತ್ತೆ ಬೇಡಿದ್ದು ತ್ಯಾಗಮಯಿಯರನ್ನು: ‘ಸಾವಿತ್ರಿ’, ‘ನಿರ್ಮಲಾ’, ‘ದುರ್ಗಾ’. ಮರಿಯನ್ ಡೇವಿಸ್‌ಳಂತೆ ಈಕೆಗೂ ನಗೆಯ ಪಾತ್ರಗಳು ಹೆಚ್ಚು ಸಿಕ್ಕಿದ್ದರೆ ಎಂದು ನನಗೆ ಪ್ರತಿ ಬಾರಿ ಅನಿಸುತ್ತದೆ.

1939ರಲ್ಲಿ ಯುದ್ಧ ಆರಂಭವಾದಾಗ ಓಸ್ಟನ್ ಬಂಧನಕ್ಕೊಳಗಾದರು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಮೂವತ್ತೆರಡರ ವಿಧವೆ ದೊಡ್ಡ ಸ್ಟುಡಿಯೋವನ್ನು ನಡೆಸಬೇಕಾಯಿತು. ಒಳಗೆ ಬಣಗಳಿದ್ದವು, 1943ರಲ್ಲಿ ದಾಖಲೆ ಬರೆದ ‘ಕಿಸ್ಮತ್’ನ ಕೀರ್ತಿ ನ್ಯಾಯವಾಗಿ ಮುಖರ್ಜಿಯವರ ಬಣಕ್ಕೆ ಹೆಚ್ಚು ಸಲ್ಲಬೇಕು, ಅವರು ಅದೇ ವರ್ಷ ಹೊರನಡೆದು ಫಿಲ್ಮಿಸ್ತಾನ್ ಕಟ್ಟಿದರು. ಆದರೆ ಯೂಸುಫ್ ಖಾನ್ ಎಂಬ ಪೆಷಾವರದ ಹಣ್ಣಿನ ವ್ಯಾಪಾರಿಯ ಮಗನನ್ನು ಕಂಡು, ಕೆಲಸ ಕೊಟ್ಟು, ದಿಲೀಪ್ ಕುಮಾರ್ ಎಂಬ ಹೆಸರನ್ನು ಸೂಚಿಸಿದವರು ದೇವಿಕಾ ರಾಣಿ. ಅದನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಕೃತಜ್ಞತೆಯಿಂದ ಹೇಳಿಕೊಂಡಿದ್ದಾರೆ. ನಟನೆ ತಿಳಿದವರಿಗೆ ನಟನನ್ನು ಗುರುತಿಸುವುದು ಕಷ್ಟವಲ್ಲ.

1945ರಲ್ಲಿ ಆಕೆ ಎಲ್ಲವನ್ನೂ ಬಿಟ್ಟರು. ರಷ್ಯದ ಚಿತ್ರಕಲಾವಿದ ಸ್ವೆತೋಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ, ಕೆಲಕಾಲ ಕುಲು ಕಣಿವೆಯಲ್ಲಿದ್ದು, ಬೆಂಗಳೂರಿಗೆ ಬಂದು ನೆಲೆಸಿದರು. ಕನಕಪುರ ರಸ್ತೆಯ ತಾತಗುಣಿಯಲ್ಲಿ ನಾಲ್ಕುನೂರೈವತ್ತಕ್ಕೂ ಹೆಚ್ಚು ಎಕರೆಯ ತೋಟ. ಅಲ್ಲಿ ಸುಗಂಧತೈಲಕ್ಕಾಗಿ ಲಿನಾಲೋ ಮರಗಳನ್ನು ಬೆಳೆಸಿದರು. ರೋರಿಕ್ ಅವರ ಚಿತ್ರಗಳನ್ನು ಇಂದೂ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನೋಡಬಹುದು. ದೇವಿಕಾ ರಾಣಿ ಮಾತ್ರ ಮತ್ತೆ ತೆರೆಗೆ ಮರಳಲಿಲ್ಲ. 1958ರಲ್ಲಿ ಪದ್ಮಶ್ರೀ ಬಂತು, 1969ನೇ ಸಾಲಿನ ಮೊದಲ ಫಾಲ್ಕೆ ಪ್ರಶಸ್ತಿ ಬಂತು. ಅದೇ ಪ್ರಶಸ್ತಿ 1995ನೇ ಸಾಲಿಗೆ ಡಾ. ರಾಜ್‌ಕುಮಾರ್ ಅವರಿಗೆ ಸಂದಾಗ ನಾವು ಹಬ್ಬ ಮಾಡಿದೆವು, ಮಾಡಬೇಕಾದದ್ದೇ. ಆದರೆ ಅದರ ಮೊದಲ ಪುರಸ್ಕೃತೆ ಸ್ವಲ್ಪ ಕಾಲದ ಹಿಂದಿನವರೆಗೂ ನಮ್ಮ ನಡುವೆಯೇ ಇದ್ದರೆಂಬುದು ಆಗ ಯಾರಿಗೂ ನೆನಪಾದಂತೆ ಕಾಣಲಿಲ್ಲ.

ರೋರಿಕ್ 1993ರ ಜನವರಿಯಲ್ಲಿ, ಆಕೆ 1994ರ ಮಾರ್ಚ್ 9ರಂದು ತೀರಿಕೊಂಡರು. ಮಕ್ಕಳಿರಲಿಲ್ಲ. ತೋಟಕ್ಕಾಗಿ ವ್ಯಾಜ್ಯಗಳೆದ್ದವು, ರಾಜ್ಯ ಸರ್ಕಾರ 1996ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿ ಅದನ್ನು ಸ್ವಾಧೀನಕ್ಕೆ ಪಡೆಯಲು ಹೊರಟಿತು, 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನಪೀಠ ಕಾಯ್ದೆಯನ್ನು ಎತ್ತಿಹಿಡಿಯಿತು. ಆಸ್ತಿಯ ಹಕ್ಕಿನ ಬಗ್ಗೆ ಅದೊಂದು ಮುಖ್ಯ ತೀರ್ಪು. ಕಾನೂನು ವಿದ್ಯಾರ್ಥಿಗಳು ಅದನ್ನು ತಪ್ಪದೆ ಓದುತ್ತಾರೆ.

ರಸಪ್ರಶ್ನೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕಾಲೇಜಿನ ಅಧ್ಯಾಪಕರು ಒಂದು ಶನಿವಾರ ಮಧ್ಯಾಹ್ನ ‘ಅಚೂತ್ ಕನ್ಯಾ’ ತೋರಿಸುವ ಏರ್ಪಾಡು ಮಾಡಿ ನನ್ನನ್ನೂ ಕರೆದರು. ಪ್ರತಿ ಸವೆದಿತ್ತು, ಶಬ್ದ ಕೊರಕೊರ ಎನ್ನುತ್ತಿತ್ತು, ನಡುವೆ ಒಮ್ಮೆ ವಿದ್ಯುತ್ ಹೋಯಿತು. ಬಂದಿದ್ದ ನಲವತ್ತು ಮಕ್ಕಳಲ್ಲಿ ಅರ್ಧದಷ್ಟು ಆಗ ಎದ್ದು ಹೋದರು. ಉಳಿದವರು ಕೊನೆಯವರೆಗೆ ಕೂತಿದ್ದರು. ಮುಗಿದ ಮೇಲೆ ಶಿಡ್ಲಘಟ್ಟದ ಹುಡುಗಿಯೊಬ್ಬಳು ಬಂದು ಕೇಳಿದಳು:

‘ಆ ಮೇಷ್ಟ್ರು ಹೇಳಿದ್ದ ಸಿನಿಮಾ ಇದಲ್ಲ ಅಲ್ವಾ ಸಾರ್?’

ಅಲ್ಲ ಎಂದೆ.

‘ಅದು ಬೇಡ ಸಾರ್. ಇವರದ್ದೇ ಇನ್ನೊಂದು ಇದ್ದರೆ ಹಾಕಿಸಿ. ಅವರು ಮಾತಾಡದೆ ನೋಡ್ತಾರಲ್ಲ, ಅದು ಚೆನ್ನಾಗಿತ್ತು.’