ಮನೆ ಇದೆ, ಕಾಗದ ಯಾರ ಹೆಸರಿನಲ್ಲಿದೆ?

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಕುಟುಂಬದ ವಾರ್ಷಿಕ ಆದಾಯವನ್ನು ಕೇಳುತ್ತಾರೆ. ಆದಾಯವೆಂದರೆ ತಿಂಗಳು ತಿಂಗಳು ಬಂದು ಖರ್ಚಾಗುವ ಹಣ. ಆಸ್ತಿ ಬೇರೆ. ಕಾಯಿಲೆ ಬಂದಾಗ, ಕೆಲಸ ಹೋದಾಗ, ಮಕ್ಕಳ ಫೀಸು ಕಟ್ಟಬೇಕಾದಾಗ ಕೈಹಿಡಿಯುವುದು ಆಸ್ತಿಯೇ. ಒಂದೇ ಸಂಪಾದನೆಯ ಎರಡು ಮನೆಗಳಲ್ಲಿ ಒಂದು ಮನೆಯ ಮಗು ಕಾಲೇಜಿಗೆ ಹೋಗಿ, ಇನ್ನೊಂದರ ಮಗು ಪಿಯುಸಿಗೆ ನಿಲ್ಲಿಸಲು ಇದೂ ಒಂದು ಕಾರಣ.

ಕೇಂದ್ರ ಸರಕಾರದ 2019ರ ಸಮೀಕ್ಷೆಯಂತೆ ನಗರದ ಕುಟುಂಬಗಳ ಆಸ್ತಿಯಲ್ಲಿ ಶೇ. 87ರಷ್ಟು ಜಾಗ ಮತ್ತು ಕಟ್ಟಡ. ನಮ್ಮ ಮಂಗಳೂರಿನಲ್ಲೂ 1970ರ ದಶಕದಿಂದ ಗಲ್ಫಿಗೆ ಹೋದ ಬ್ಯಾರಿಗಳು ಕಳುಹಿಸಿದ ಹಣದಲ್ಲಿ ಉಳಿದದ್ದು ಬಹುಮಟ್ಟಿಗೆ ಮನೆ ಮತ್ತು ಚಿನ್ನದ ರೂಪದಲ್ಲಿದೆ. ಮುಸ್ಲಿಮರಿಗೆ ಸಿಗುವ ಬ್ಯಾಂಕ್ ಸಾಲ ಅವರ ಜನಸಂಖ್ಯೆಯ ಪ್ರಮಾಣಕ್ಕಿಂತ ಕಡಿಮೆ ಎಂದು 2006ರ ಸಾಚಾರ್ ಸಮಿತಿ ಹೇಳಿತ್ತು. ಹೀಗಿರುವಾಗ ಇರುವ ಮನೆಯ ಕಾಗದವೂ ಸರಿ ಇಲ್ಲದಿದ್ದರೆ ಆ ಮನೆ ಆಪತ್ತಿಗೆ ಒದಗುವುದಿಲ್ಲ.

ಎಷ್ಟೋ ಮನೆಗಳ ದಾಖಲೆ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಪಾಲು ಕೇಳಿದರೆ ಜಗಳ ಎಂಬ ಅಂಜಿಕೆ. ಆದರೆ ತಡವಾದಷ್ಟೂ ವಾರಸುದಾರರು ಹೆಚ್ಚಾಗುತ್ತಾರೆ, ಸಹಿ ಹಾಕಬೇಕಾದವರು ದೂರ ದೂರ ಹೋಗುತ್ತಾರೆ.

ಪಾಲಿನ ಲೆಕ್ಕ ಕಷ್ಟವಲ್ಲ. ಒಬ್ಬರು ತೀರಿಕೊಂಡಾಗ ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಒಬ್ಬಳು ಮಗಳು ಇದ್ದಾರೆ. ತೀರಿಕೊಂಡವರ ತಂದೆತಾಯಿ ಇಲ್ಲ ಎಂದಿಟ್ಟುಕೊಳ್ಳಿ. ಸಾಲ ಮತ್ತು ವಸಿಯ್ಯತ್ ತೀರಿಸಿದ ಮೇಲೆ ಉಳಿದ ಆಸ್ತಿ 40 ಲಕ್ಷ ರೂಪಾಯಿ. ಪತ್ನಿಗೆ ಎಂಟರಲ್ಲಿ ಒಂದು, ಅಂದರೆ 5 ಲಕ್ಷ. ಉಳಿದ 35 ಲಕ್ಷವನ್ನು ಐದು ಭಾಗ ಮಾಡಿದರೆ ಗಂಡುಮಕ್ಕಳಿಗೆ ಎರಡೆರಡು ಭಾಗ, ತಲಾ 14 ಲಕ್ಷ. ಮಗಳಿಗೆ ಒಂದು ಭಾಗ, 7 ಲಕ್ಷ.

"ಮದುವೆಗೆ ಚಿನ್ನ ಕೊಟ್ಟಿದ್ದೇವಲ್ಲ" ಎಂದು ಈ 7 ಲಕ್ಷವನ್ನು ಕೊಡದಿರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಮದುವೆಯಲ್ಲಿ ಕೊಟ್ಟದ್ದು ಉಡುಗೊರೆ; ಅದರಿಂದ ಪಾಲು ಕರಗುವುದಿಲ್ಲ. ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ನಿಗದಿಪಡಿಸಿದ ಹಕ್ಕು ಅದು. ನಾಳೆ ಆಕೆ ವಿಧವೆಯಾದರೆ ಅವಳ ಮಕ್ಕಳ ಓದಿಗೆ ಅದೇ ಆಸರೆ.

ಮಾಡಬೇಕಾದದ್ದು ಇಷ್ಟು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಮಾಡಿಸಿ. ಹಳ್ಳಿಯ ಜಮೀನಾದರೆ ಪೌತಿ ಖಾತೆಗೆ, ನಗರದ ಮನೆಯಾದರೆ ಮಹಾನಗರಪಾಲಿಕೆಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಿ. ಪಾಲಾಗುವುದಾದರೆ ಪಾಲುಪಟ್ಟಿಯನ್ನು ನೋಂದಾಯಿಸಿ. ಬಾಯಿಮಾತಿನ ಹಿಬಾಕ್ಕೆ ನಮ್ಮ ಕಾನೂನಿನಲ್ಲಿ ಮಾನ್ಯತೆ ಉಂಟು. ಆದರೂ ಸಾಕ್ಷಿಗಳು ತೀರಿಹೋದ ಮೇಲೆ ಅದನ್ನು ರುಜುಪಡಿಸುವುದು ಕಷ್ಟ. ಬರೆದು ನೋಂದಾಯಿಸುವುದೇ ಲೇಸು.

ಅರ್ಜಿ ತುಂಬುವ ಮಕ್ಕಳೇ, ಆದಾಯ ಪ್ರಮಾಣಪತ್ರಕ್ಕೆಂದು ಮನೆಯ ಕಡತ ತೆರೆಯುವಾಗ ಮನೆಯ ಕಾಗದವನ್ನೂ ಓದಿ ನೋಡಿ. ಅದು ಯಾರ ಹೆಸರಿನಲ್ಲಿದೆ, ಉಮ್ಮನ ಮತ್ತು ಅತ್ತೆಯರ ಪಾಲು ಎಲ್ಲಿದೆ ಎಂದು ಹಿರಿಯರನ್ನು ಮರ್ಯಾದೆಯಿಂದ ಕೇಳಿ. ಓದು ಕಲಿತದ್ದಕ್ಕೆ ಅದೂ ಒಂದು ಪ್ರಯೋಜನ.