ಸರ್ವರ್ ಹೇಳಿದ 640 ಜಿಬಿ ಲೆಕ್ಕ

‘ಟ್ರಿಮ್ ಆನ್ ಮಾಡಬೇಡಿ. ಡೇಟಾ ಹೋಗುತ್ತೆ. 2015’. ಮೈಸೂರಿನ ಕಾಲೇಜೊಂದರ ಸರ್ವರ್ ಕೋಣೆಯ ರ‍್ಯಾಕಿನ ಮೇಲೆ ಈ ಚೀಟಿ ಅಂಟಿಕೊಂಡಿತ್ತು. ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿದೆ, ಅಂದಿನ ಸರ್ವರ್ ಗುಜರಿ ಸೇರಿದೆ, ಚೀಟಿ ಮಾತ್ರ ಹೊಸ ರ‍್ಯಾಕಿಗೂ ವರ್ಗವಾಗಿ ಬಂದಿದೆ! “ಕಿತ್ತು ಹಾಕೋಕೆ ಯಾರಿಗೂ ಧೈರ್ಯ ಬರಲಿಲ್ಲ ಸರ್” ಎಂದು ಈಗಿನ ಸಿಸ್ಟಂ ಅಡ್ಮಿನ್ ನಕ್ಕರು. ಫಲಿತಾಂಶದ ದಿನ ಡೇಟಾಬೇಸ್ ತೆವಳುತ್ತದೆ ಎಂದು ಅವರು ಕರೆದದ್ದಕ್ಕೆ ಹೋಗಿದ್ದೆ. ನನಗೆ ಆ ಚೀಟಿಯೇ ದೊಡ್ಡ ಸುದ್ದಿಯಾಯಿತು.

ಎಸ್‌ಎಸ್‌ಡಿಯ ಗುಣ ಗೊತ್ತಿರುವುದೇ. ಬರೆಯುವುದು ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಇಡೀ ಬ್ಲಾಕನ್ನು. ತೋಷಿಬಾದ ಫುಜಿಯೊ ಮಸುವೊಕ 1987ರಲ್ಲಿ ನ್ಯಾಂಡ್ ಫ್ಲ್ಯಾಶ್ ಮಂಡಿಸಿದಾಗಿನಿಂದ ಇದು ಹೀಗೆಯೇ. ನಾವು ಫೈಲ್ ಅಳಿಸಿದ್ದು ಫೈಲ್ ಸಿಸ್ಟಂಗೆ ಗೊತ್ತು, ಡ್ರೈವ್‌ಗೆ ಗೊತ್ತಿಲ್ಲ. ಬೇಡದ ಡೇಟಾವನ್ನೂ ಅದು ಬ್ಲಾಕಿನಿಂದ ಬ್ಲಾಕಿಗೆ ಹೊತ್ತು ವೇಗವನ್ನೂ ಆಯುಷ್ಯವನ್ನೂ ಕಳೆದುಕೊಳ್ಳುತ್ತದೆ. ಇಂತಿಂಥ ಜಾಗ ಖಾಲಿ ಎಂದು ಅದಕ್ಕೆ ತಿಳಿಸುವುದೇ ಟ್ರಿಮ್. 2009ರಲ್ಲಿ ವಿಂಡೋಸ್ 7ಕ್ಕೆ, 2010ರ ಹೊತ್ತಿಗೆ ಲಿನಕ್ಸ್‌ನ ಎಕ್ಸ್‌ಟಿ4ಕ್ಕೆ ಬಂತು.

ಚೀಟಿಯ ಭಯ ಹುಟ್ಟಿದ್ದು ಅಲ್ಗೋಲಿಯಾ ಎಂಬ ಸರ್ಚ್ ಕಂಪನಿಯಿಂದ. 2015ರಲ್ಲಿ ಅದರ ಸರ್ವರ್‌ಗಳ ಫೈಲುಗಳೊಳಗೆ ಅಲ್ಲಲ್ಲಿ ಬರೀ ಸೊನ್ನೆಗಳು ಕಾಣಿಸಿಕೊಂಡವು. ಟ್ರಿಮ್ ವೇಳೆ ಸ್ಯಾಮ್‌ಸಂಗ್ ಡ್ರೈವ್‌ಗಳು ತಪ್ಪು ಜಾಗ ಅಳಿಸುತ್ತಿವೆ ಎಂದು ಕಂಪನಿ ಜೂನ್‌ನಲ್ಲಿ ದೂರಿತು. ಸ್ಯಾಮ್‌ಸಂಗ್ ಎಂಜಿನಿಯರ್‌ಗಳು ಕೆದಕಿದರೆ ತಪ್ಪು ಸಿಕ್ಕಿದ್ದು ಲಿನಕ್ಸ್ ಕರ್ನಲ್‌ನಲ್ಲಿ, ರೇಡ್ ಡ್ರೈವ್‌ಗಳಿಗೆ ಟ್ರಿಮ್ ಆದೇಶವನ್ನು ತುಂಡರಿಸಿ ಹಂಚುವ ಕಡೆ. ಜುಲೈನಲ್ಲಿ ಪ್ಯಾಚ್ ಬಂತು. ಕೆಲವು ಸ್ಯಾಮ್‌ಸಂಗ್ ಮಾದರಿಗಳ ‘ಕ್ಯೂಡ್ ಟ್ರಿಮ್’ಗೆ ಕರ್ನಲ್ ತಡೆ ಹಾಕಿರುವುದೂ ನಿಜ, ಅದು ಬೇರೆಯೇ ಕಥೆ. ದೂರು ಮೈಸೂರಿಗೆ ತಲುಪಿತ್ತು, ಪ್ಯಾಚಿನ ಸುದ್ದಿ ತಲುಪಿರಲಿಲ್ಲ.

ಬ್ಯಾಕಪ್ ಖಾತ್ರಿ ಮಾಡಿಕೊಂಡು ‘ಎಫ್‌ಎಸ್‌ಟ್ರಿಮ್’ ಓಡಿಸಿದೆವು. ಸುಮಾರು 640 ಜಿಬಿ ಟ್ರಿಮ್ ಆಯಿತೆಂದು ತೆರೆ ಹೇಳಿತು. “ಇಷ್ಟೊಂದು ಕಸ ಇತ್ತಾ ಸರ್!” ಎಂದರು ಅಡ್ಮಿನ್. ನನಗೆ ಅನುಮಾನ. ಕೂಡಲೇ ಇನ್ನೊಮ್ಮೆ ಓಡಿಸಿದೆವು, ಸೊನ್ನೆ. ರೀಬೂಟ್ ಮಾಡಿ ಮತ್ತೆ ಓಡಿಸಿದರೆ, ಹತ್ತಿರಹತ್ತಿರ ಅದೇ 640! ನಡುವೆ ಯಾರೂ ಏನೂ ಅಳಿಸಿರಲಿಲ್ಲ. ಎಲ್ಲೆಲ್ಲಿ ಟ್ರಿಮ್ ಆಗಿದೆ ಎಂಬ ಗುರುತನ್ನು ಎಕ್ಸ್‌ಟಿ4 ಮೆಮೊರಿಯಲ್ಲಿ ಮಾತ್ರ ಇಟ್ಟುಕೊಳ್ಳುತ್ತದೆ, ರೀಬೂಟ್ ಆದರೆ ಮರೆತು ಖಾಲಿ ಜಾಗವನ್ನೆಲ್ಲ ಮತ್ತೆ ಒಪ್ಪಿಸುತ್ತದೆ. ಅಂದರೆ ಆ ಅಂಕಿ ಕಸದ ತೂಕವಲ್ಲ, ಡ್ರೈವ್‌ಗೆ ಹೇಳಿ ಕಳಿಸಿದ ಜಾಗದ ಅಳತೆ. ಡ್ರೈವ್ ಅದರಲ್ಲಿ ಎಷ್ಟನ್ನು ಯಾವಾಗ ಅಳಿಸುತ್ತದೋ ಅದರ ಇಷ್ಟ. ಮಾಸಿಕ ವರದಿಯಲ್ಲಿ ಈ ಅಂಕಿಯನ್ನು ಸಾಧನೆ ಎಂದು ತೋರಿಸುವವರನ್ನು ಬಲ್ಲೆ. ದಿನಾ ರೀಬೂಟ್ ಮಾಡಿದರೆ ಸಾಧನೆ ಇನ್ನೂ ಹೆಚ್ಚುತ್ತದೆ.

ಅಳಿಸಿದಾಗಲೆಲ್ಲ ಟ್ರಿಮ್ ಕಳಿಸುವ ‘ಡಿಸ್ಕಾರ್ಡ್’ ಮೌಂಟ್ ಆಯ್ಕೆಯೂ ಉಂಟು. ಎಕ್ಸ್‌ಟಿ4 ಸರ್ವರ್‌ಗೆ ನನ್ನ ಮತ ವಾರಕ್ಕೊಮ್ಮೆ ಎಫ್‌ಎಸ್‌ಟ್ರಿಮ್ ಓಡಿಸುವ ಟೈಮರ್‌ಗೇ. ಆದರೆ ಅದರ ‘ವೀಕ್ಲಿ’ ಎಂದರೆ ಭಾನುವಾರ ರಾತ್ರಿ ಹನ್ನೆರಡು, ಈ ಕಾಲೇಜಿನ ಬ್ಯಾಕಪ್ಪಿಗೂ ಅದೇ ಮುಹೂರ್ತ. ಯುಟಿಸಿ ಗಡಿಯಾರದ ಕ್ಲೌಡ್ ಸರ್ವರ್ ಆದರೆ ನಮ್ಮ ಸೋಮವಾರ ಬೆಳಗಿನ 5.30. ಹೊತ್ತು ಬದಲಿಸುವಾಗ ಮೊದಲು ‘ಆನ್‌ಕ್ಯಾಲೆಂಡರ್=’ ಎಂಬ ಸಾಲನ್ನು ಖಾಲಿ ಬಿಟ್ಟು, ಕೆಳಗೆ ಹೊಸ ಹೊತ್ತು ಬರೆಯಬೇಕು. ಇಲ್ಲವಾದರೆ ಹಳೆಯದೂ ಓಡುತ್ತದೆ, ಹೊಸದೂ ಓಡುತ್ತದೆ. ನಾವು ಬುಧವಾರ ನಸುಕಿನ ಮೂರು ಗಂಟೆಗೆ ಇಟ್ಟೆವು.

ಫಲಿತಾಂಶದ ದಿನದ ತೆವಳಾಟಕ್ಕೆ ಇದೊಂದೇ ಮದ್ದಲ್ಲ. ಇಂಡೆಕ್ಸ್ ಇಲ್ಲದ ಟೇಬಲ್ ಒಂದು ಬೇರೆ ಇತ್ತು. ನಿಮ್ಮಲ್ಲಿ ಲಿನಕ್ಸ್ ಸರ್ವರ್ ಇದ್ದರೆ ‘ಸಿಸ್ಟಂಸಿಟಿಎಲ್ ಲಿಸ್ಟ್-ಟೈಮರ್ಸ್’ ಕೊಟ್ಟು ಎಫ್‌ಎಸ್‌ಟ್ರಿಮ್ ಕೊನೆಯ ಸಲ ಯಾವಾಗ ಓಡಿತು ನೋಡಿ. ಬಳಿಕ ‘ಎಲ್‌ಎಸ್‌ಬಿಎಲ್‌ಕೆ -ಡಿ’ (ಕ್ಯಾಪಿಟಲ್ ಡಿ) ಕೊಡಿ. ಅಲ್ಲಿ ಡ್ರೈವ್‌ನ ಎದುರು ಸೊನ್ನೆಗಳೇ ಇದ್ದರೆ ಟ್ರಿಮ್ ಡ್ರೈವ್‌ವರೆಗೆ ಹೋಗುತ್ತಿಲ್ಲ; ಟೈಮರ್ ಬಿಟ್ಟು ಮೊದಲು ರೇಡ್ ಕಾರ್ಡನ್ನೋ ವರ್ಚುವಲ್ ಮಷೀನಿನ ಡಿಸ್ಕ್ ಸೆಟ್ಟಿಂಗನ್ನೋ ವಿಚಾರಿಸಿ.